ತಿರುಚಿನಾಪಳ್ಳಿಯ ಬಾಕಿ, ಹಿಂದೂಪುರದ ಗಡಿ



1746ರ ಸೆಪ್ಟೆಂಬರಿನಲ್ಲಿ ಫ್ರೆಂಚರ ಹಡಗುಗಳು ಮದ್ರಾಸಿನ ಮುಂದೆ ಬಂದು ನಿಂತವು. ಕೆಲವೇ ದಿನಗಳಲ್ಲಿ ಇಂಗ್ಲಿಷರ ಸೇಂಟ್ ಜಾರ್ಜ್ ಕೋಟೆ ಅವರ ಕೈಸೇರಿತು. ಜಗಳ ಹುಟ್ಟಿದ್ದು ಇಲ್ಲಲ್ಲ, ಆಸ್ಟ್ರಿಯದಲ್ಲಿ. ಅಲ್ಲಿನ ದೊರೆ ತೀರಿಕೊಂಡ ಮೇಲೆ ಮಗಳು ಪಟ್ಟಕ್ಕೆ ಬರಬಹುದೇ ಕೂಡದೇ ಎಂಬ ತಕರಾರಿಗೆ ಯುರೋಪಿನ ಅರ್ಧ ದೊರೆಗಳು ಕತ್ತಿ ಹಿರಿದಿದ್ದರು. 1748ರಲ್ಲಿ ರಾಜಿಯಾಯಿತು. ಮದ್ರಾಸು ಇಂಗ್ಲಿಷರಿಗೆ ವಾಪಸು ಬಂತು. ಅದಕ್ಕೆ ಬದಲಾಗಿ ಫ್ರೆಂಚರಿಗೆ ಸಿಕ್ಕಿದ್ದು ಕೆನಡಾದ ಕಡಲಂಚಿನ ಲೂಯಿಬೂರ್ ಎಂಬ ಕೋಟೆ. ಮದ್ರಾಸಿನ ನೇಕಾರರನ್ನೂ ಯಾರೂ ಕೇಳಲಿಲ್ಲ, ಲೂಯಿಬೂರಿನ ಬೆಸ್ತರನ್ನೂ ಯಾರೂ ಕೇಳಲಿಲ್ಲ.

ಕಡಲ ಮೇಲಿನ ಈ ವ್ಯಾಪಾರಕ್ಕೂ ಬಯಲುಸೀಮೆಯ ಹಿಂದೂಪುರ, ಕಲ್ಯಾಣದುರ್ಗಗಳಿಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಇವತ್ತು ಹೇಳಹೊರಟಿರುವುದು ಅದನ್ನೇ. ಬೆಂಗಳೂರಿನಿಂದ ಗುಂತಕಲ್ ಕಡೆ ಹೋಗುವ ರೈಲು ಹತ್ತಿದರೆ ದೊಡ್ಡಬಳ್ಳಾಪುರ, ಗೌರಿಬಿದನೂರು, ಅದು ದಾಟಿದರೆ ಹಿಂದೂಪುರ. ಅದೇ ಕೆಂಪು ಮಣ್ಣು, ಅದೇ ಬೋಳು ಗುಡ್ಡ, ಅದೇ ಹುಣಸೆ ಮರ. ಸಂತೆಯಲ್ಲಿ ಕನ್ನಡ, ತೆಲುಗು ಎರಡೂ ನಡೆಯುತ್ತವೆ. ಆದರೆ ರಾಜ್ಯ ಬೇರೆ. ಪಕ್ಕದ ಮಡಕಶಿರಾ ಮೂರು ಕಡೆ ಕರ್ನಾಟಕದಿಂದ ಸುತ್ತುವರಿದೂ ಆಂಧ್ರದಲ್ಲಿದೆ. ನಮ್ಮ ಪಾವಗಡ ಆಂಧ್ರದೊಳಕ್ಕೆ ಚಾಚಿಕೊಂಡೂ ಕರ್ನಾಟಕದಲ್ಲಿದೆ. ಕಲ್ಯಾಣದುರ್ಗದ ಒಂದು ಮಗ್ಗುಲಿಗೆ ಪಾವಗಡ, ಇನ್ನೊಂದು ಮಗ್ಗುಲಿಗೆ ಚಳ್ಳಕೆರೆ. ಭೂಪಟದ ಮೇಲೆ ಈ ಗೆರೆ ಹರಿದ ಬಟ್ಟೆಯ ಅಂಚಿನ ಹಾಗೆ ಕಾಣುತ್ತದೆ. ಭಾಷೆ ನೋಡಿ ಎಳೆದ ಗೆರೆ ಅಲ್ಲ ಇದು, ನದಿ ಬೆಟ್ಟ ನೋಡಿ ಎಳೆದದ್ದೂ ಅಲ್ಲ. ಸಿಪಾಯಿಗಳ ಸಂಬಳದ ಲೆಕ್ಕ ತೀರಿಸುವಾಗ ಬಿದ್ದ ಗೆರೆ ಎಂದೇ ನನ್ನ ಅಭಿಪ್ರಾಯ.

ಹಿಂದೂಪುರವನ್ನು ಕಟ್ಟಿಸಿದವನು ಗುತ್ತಿಯ ಮುರಾರಿರಾವ್ ಘೋರ್ಪಡೆ, ತನ್ನ ತಂದೆಗಿದ್ದ ಹಿಂದೂರಾವ್ ಎಂಬ ಬಿರುದಿನ ಮೇಲೆ ಊರಿಗೆ ಹೆಸರಿಟ್ಟ ಎಂಬುದು ರೂಢಿಯ ಹೇಳಿಕೆ. ಈ ಮುರಾರಿರಾವ್ ಸಾಮಾನ್ಯ ಕುಳ ಅಲ್ಲ. 1741ರಲ್ಲಿ ಮರಾಠರು ತಿರುಚಿನಾಪಳ್ಳಿ ಹಿಡಿದಾಗ ಆ ಕೋಟೆಯನ್ನು ನೋಡಿಕೊಂಡವನು ಅವನೇ. ಎರಡು ವರ್ಷದ ಮೇಲೆ ನಿಜಾಮ ದೊಡ್ಡ ದಂಡು ಕಟ್ಟಿಕೊಂಡು ಬಂದಾಗ ಅದನ್ನು ಬಿಟ್ಟುಕೊಟ್ಟು, ಗುತ್ತಿಯನ್ನು ನೆಲೆ ಮಾಡಿಕೊಂಡ. ಅವನ ಬಳಿ ಇದ್ದದ್ದು ಒಳ್ಳೆಯ ಕುದುರೆ ಪಡೆ. ಅದನ್ನು ಬಾಡಿಗೆಗೆ ಕೊಡುವುದೇ ಅವನ ಜೀವನೋಪಾಯ.

ಆ ಕಾಲಕ್ಕೆ ಬಾಡಿಗೆಗೆ ಗಿರಾಕಿಗಳಿಗೆ ಬರವಿರಲಿಲ್ಲ. ಯುರೋಪಿನಲ್ಲಿ ರಾಜಿಯಾದರೂ ಇಲ್ಲಿ ಫ್ರೆಂಚರೂ ಇಂಗ್ಲಿಷರೂ ತಮ್ಮ ತಮ್ಮ ನವಾಬರನ್ನು ಮುಂದೆ ಬಿಟ್ಟು ಹೊಡೆದಾಡುತ್ತಲೇ ಇದ್ದರು. ಆರ್ಕಾಟಿನ ಗಾದಿಗೆ ಫ್ರೆಂಚರ ಕಡೆಯಿಂದ ಚಂದಾ ಸಾಹೇಬ, ಇಂಗ್ಲಿಷರ ಕಡೆಯಿಂದ ಮಹಮದಾಲಿ. ಮಹಮದಾಲಿ ತಿರುಚಿನಾಪಳ್ಳಿಯಲ್ಲಿ ಸಿಕ್ಕಿಹಾಕಿಕೊಂಡು, ಮೈಸೂರಿನ ಸರ್ವಾಧಿಕಾರಿ ಕಳಲೆ ನಂಜರಾಜನಿಗೆ ಮೊರೆ ಕಳಿಸಿದ: ನನ್ನನ್ನು ಉಳಿಸಿದರೆ ತಿರುಚಿನಾಪಳ್ಳಿಯೇ ನಿಮ್ಮದು. ನಂಜರಾಜ ಕನ್ನಡದಲ್ಲಿ ಗ್ರಂಥ ಬರೆದವನು, ಓದಿದವನು. ಆದರೆ ಇಂಥ ಮಾತನ್ನು ಎಷ್ಟರಮಟ್ಟಿಗೆ ನಂಬಬೇಕೆಂಬುದು ಅವನಿಗೆ ತಿಳಿಯಲಿಲ್ಲ. ಮೈಸೂರಿನ ಬೊಕ್ಕಸ ಬಿಚ್ಚಿ, ಮುರಾರಿರಾಯನ ಸವಾರರನ್ನೂ ಕೂಡಿಸಿಕೊಂಡು ಹೊರಟ.

1751ರಲ್ಲಿ ಇಂಗ್ಲಿಷರ ಕ್ಲೈವ್ ಆರ್ಕಾಟು ಕೋಟೆಯೊಳಗೆ ಐವತ್ತು ದಿನ ತಡೆದು ನಿಂತ ಕಥೆಯನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಆಗ ಆರು ಸಾವಿರ ಸವಾರರೊಡನೆ ಹತ್ತಿರದಲ್ಲೇ ಬೀಡುಬಿಟ್ಟು, ಯಾರ ಕೈ ಮೇಲಾಗುತ್ತದೆ ಎಂದು ಕಾದು ನೋಡುತ್ತಿದ್ದವನು ಇದೇ ಮುರಾರಿರಾವ್. ಕ್ಲೈವ್ ಸೋಲುವವನಲ್ಲ ಎಂದು ಕಂಡ ಮೇಲೆ ಅವನ ಕಡೆಗೆ ಕದಲಿದ. ಇದನ್ನು ಹೇಡಿತನ ಅನ್ನಬೇಡಿ. ಒಂದು ಕುದುರೆ ಸತ್ತರೆ ಅದರ ಬೆಲೆ ಕೈಯಿಂದ ಹೋಗುವ ಕಸುಬು ಅದು.

ಮುಂದಿನ ವರ್ಷ ಚಂದಾ ಸಾಹೇಬನ ತಲೆ ಉರುಳಿತು. ನಂಜರಾಜ ಹೋಗಿ ತಿರುಚಿನಾಪಳ್ಳಿ ಕೊಡು ಎಂದರೆ ಮಹಮದಾಲಿ ಒಪ್ಪಲಿಲ್ಲ. ಇಂಗ್ಲಿಷರು ನಮಗೇನೂ ಗೊತ್ತಿಲ್ಲ ಎಂಬಂತೆ ಕೂತರು. ರೊಚ್ಚಿಗೆದ್ದ ನಂಜರಾಜ ಫ್ರೆಂಚರ ಕಡೆ ವಾಲಿದ, ಮುರಾರಿರಾಯನೂ ವಾಲಿದ. ಆ ಕೋಟೆಯ ಸುತ್ತ ಮೂರು ವರ್ಷ ಕಾದಾಟ ನಡೆದು, 1755ರಲ್ಲಿ ಮೈಸೂರಿನ ದಂಡು ಬರಿಗೈಯಲ್ಲಿ ಮರಳಿತು. ಅದೇ ವರ್ಷ ಫ್ರೆಂಚ್ ಸೇನಾನಿ ಬುಸಿ ನಿಜಾಮನ ದಂಡಿನೊಡನೆ ಶ್ರೀರಂಗಪಟ್ಟಣದ ಬಾಗಿಲಿಗೆ ಬಂದು ಕಪ್ಪ ಕೇಳಿದ. ಖಾಲಿ ಬೊಕ್ಕಸದ ಮೈಸೂರು ದೇವಸ್ಥಾನಗಳ ಒಡವೆಗಳನ್ನು ತೆಗೆದುಕೊಡಬೇಕಾಯಿತು. ಫ್ರೆಂಚರ ಜೊತೆ ಭುಜಕ್ಕೆ ಭುಜ ಕೊಟ್ಟು ಹೋರಾಡಿ ಬಂದ ಮೈಸೂರಿನ ಹತ್ತಿರವೇ ಫ್ರೆಂಚರ ದಂಡು ವಸೂಲಿಗೆ ಬಂತು, ನೋಡಿ. ಸಂಬಳವಿಲ್ಲದೆ ಒದ್ದಾಡಿದ ಸಿಪಾಯಿಗಳು ಆಮೇಲೆ ನಂಜರಾಜನ ಮನೆ ಬಾಗಿಲಿಗೇ ಧರಣಿ ಕೂತರು. ಆ ಬಾಕಿ ತೀರಿಸುವ ಹೊಣೆ ಹೊತ್ತು ಮೇಲೆ ಬಂದವನು ಹೈದರ್ ಅಲಿ.

ಮುರಾರಿರಾಯನ ಲೆಕ್ಕ ಬೇರೆ ತೆರನಾಗಿ ತೀರಿತು. ನನಗೆ ಈ ಇಡೀ ಯುದ್ಧದಲ್ಲಿ ತುಂಬ ಸ್ವಾರಸ್ಯ ಅನ್ನಿಸುವ ಪ್ರಸಂಗ ಇದು. ತಿರುಚಿನಾಪಳ್ಳಿಯ ಚಾಕರಿಗಾಗಿ ಪುದುಚೇರಿಯ ಫ್ರೆಂಚ್ ಸರ್ಕಾರ ಅವನಿಗೆ ದೊಡ್ಡ ಮೊತ್ತ ಬಾಕಿ ಉಳಿಸಿಕೊಂಡಿತ್ತು. ಅದಕ್ಕೆ ಪತ್ರ ಬರೆದುಕೊಟ್ಟಿತ್ತು. 1756ರಲ್ಲಿ ಪೇಶ್ವೆಯೂ ನಿಜಾಮನೂ ಕೂಡಿ ಸವಣೂರನ್ನು ಮುತ್ತಿದರು. ಸವಣೂರಿನ ನವಾಬನ ಪರವಾಗಿ ಕೋಟೆಯೊಳಗಿದ್ದವನು ಮುರಾರಿರಾವ್, ಹೊರಗೆ ತೋಪು ಹೂಡಿದವನು ಬುಸಿ. ಕೋಟೆ ನಿಲ್ಲುವುದಿಲ್ಲ ಎಂದು ಕಂಡ ಕೂಡಲೇ ಮುರಾರಿರಾವ್ ಒಳಗಿಂದ ಬುಸಿಗೆ ಸುದ್ದಿ ಕಳಿಸಿದ: ನಿಮ್ಮ ಸಾಲಪತ್ರ ವಾಪಸು ಕೊಡುತ್ತೇನೆ, ನೀವು ನಡುವೆ ನಿಂತು ಪೇಶ್ವೆಯಿಂದ ನನ್ನ ಗುತ್ತಿಯನ್ನು ಉಳಿಸಿಕೊಡಿ. ಬುಸಿ ಒಪ್ಪಿದ. ಕಾವೇರಿ ದಂಡೆಯಲ್ಲಿ ಸವಾರರು ಸುರಿಸಿದ ರಕ್ತದ ಬೆಲೆ ವರದಾ ನದಿಯ ಸೀಮೆಯಲ್ಲಿ ಒಂದು ಕಾಗದವಾಗಿ ಕೈಬದಲಾಯಿತು. ಗುತ್ತಿ ಮುರಾರಿರಾಯನಿಗೆ ಉಳಿಯಿತು. ಪೆನುಕೊಂಡ, ಮಡಕಶಿರಾ, ಕೊಡಿಕೊಂಡದ ಈ ತೆಂಕಣ ಸೀಮೆ ಆಗ ಅವನ ಹಿಡಿತದ ನೆಲ. ಆರ್ಕಾಟಿನ ಕ್ಲೈವನ ಸಾಹಸಕ್ಕಿಂತ ಈ ಸಾಲಪತ್ರವೇ ಇಲ್ಲಿನ ಜನಕ್ಕೆ ಹೆಚ್ಚು ಸಂಬಂಧಪಟ್ಟದ್ದು.

ಅದೇ ವರ್ಷ ಯುರೋಪಿನಲ್ಲಿ ಇನ್ನೊಂದು ಯುದ್ಧ ಶುರುವಾಯಿತು. ಅದು ಏಳು ವರ್ಷ ನಡೆದು, ಕೆನಡಾದಿಂದ ಬಂಗಾಳದವರೆಗೆ ಹಬ್ಬಿತು. 1760ರ ಜನವರಿಯಲ್ಲಿ ವಂದವಾಸಿಯಲ್ಲಿ ಫ್ರೆಂಚರ ಲಾಲಿ ಸೋತ, ಬುಸಿ ಸೆರೆಸಿಕ್ಕ. ಮರುವರ್ಷ ಜನವರಿಯಲ್ಲಿ ಪುದುಚೇರಿಯೇ ಬಿತ್ತು. ಲಾಲಿ ತನ್ನ ದೇಶಕ್ಕೆ ಹೋದ ಮೇಲೆ ದ್ರೋಹದ ಆಪಾದನೆ ಹೊರಿಸಿ 1766ರಲ್ಲಿ ಅವನ ತಲೆ ತೆಗೆದರು. ಪುದುಚೇರಿಯ ನೆರವಿಗೆಂದು ಹೈದರ್ ತನ್ನ ದಂಡಿನ ದೊಡ್ಡ ಪಾಲನ್ನು ಕಳಿಸಿದ್ದ. ಅದೇ ಸಮಯ ನೋಡಿ ಶ್ರೀರಂಗಪಟ್ಟಣದಲ್ಲಿ ಅವನ ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಖಂಡೇರಾವ್ ಒಳಸಂಚು ಮಾಡಿದ, ಹೈದರ್ ರಾತ್ರೋರಾತ್ರಿ ಹೊಳೆ ದಾಟಿ ಪಾರಾದ. ಅವನು ಚೇತರಿಸಿಕೊಂಡು 1761ರಲ್ಲಿ ಮೈಸೂರಿನ ಒಡೆತನ ಹಿಡಿದಾಗ ಬಡಗಣ ದಿಕ್ಕು ಬರಿದಾಗಿತ್ತು. ಫ್ರೆಂಚರು ಇಲ್ಲ, ನಿಜಾಮನಿಗೆ ಬಲವಿಲ್ಲ, ಪಾಣಿಪತದಲ್ಲಿ ಸೋತ ಮರಾಠರು ಇತ್ತ ತಲೆಹಾಕುವ ಸ್ಥಿತಿಯಲ್ಲಿಲ್ಲ. ಶಿರಾ, ಹೊಸಕೋಟೆ, ದೊಡ್ಡಬಳ್ಳಾಪುರ, ಚಿಕ್ಕಬಳ್ಳಾಪುರ ಒಂದರ ಹಿಂದೊಂದು ಅವನ ಪಾಲಾದವು. ಚಿಕ್ಕಬಳ್ಳಾಪುರದ ಪಾಳೆಯಗಾರನ ನೆರವಿಗೆ ಬಂದ ಮುರಾರಿರಾಯನಿಂದ ಕೊಡಿಕೊಂಡ, ಪೆನುಕೊಂಡ, ಮಡಕಶಿರಾಗಳನ್ನೂ ಕಿತ್ತುಕೊಂಡ. ಕಲ್ಯಾಣದುರ್ಗ, ಕುಂದುರ್ಪಿ ಕಡೆಯ ರಾಯದುರ್ಗದ ಪಾಳೆಯಗಾರ ಕಪ್ಪ ಕೊಡುವವನಾದ. ನಡುವೆ ಪೇಶ್ವೆ ಮಾಧವರಾವ್ ಬಂದು ಕೆಲವನ್ನು ಕಸಿದದ್ದೂ, ಹೈದರ್ ಮರಳಿ ಪಡೆದದ್ದೂ ಉಂಟು. ಅದೆಲ್ಲ ಹೇಳುತ್ತ ಕೂತರೆ ನಮಗಿರುವ ಸಮಯ ಸಾಲದು.

ಗುತ್ತಿಯ ಕೊನೆಯನ್ನು ಮಾತ್ರ ಹೇಳಲೇಬೇಕು. ಇದನ್ನು ಬರೆದಿಟ್ಟವನು ಮೈಸೂರಿನಲ್ಲಿ ರೆಸಿಡೆಂಟನಾಗಿದ್ದ ಮಾರ್ಕ್ ವಿಲ್ಕ್ಸ್. ಹೈದರ್ ಮುತ್ತಿಗೆ ಹಾಕಿ ಕೆಳಗಿನ ಕೋಟೆ ಹಿಡಿದಿದ್ದ. ಜನ, ಕುದುರೆ, ದನ ಎಲ್ಲ ಬೆಟ್ಟದ ಮೇಲೆ ಸೇರಿ, ಮೇಲಿನ ದೊಣೆಗಳಲ್ಲಿ ನೀರು ತಳಕಂಡಿತ್ತು. ಮುರಾರಿರಾವ್ ರಾಜಿಗೆ ಬಂದ. ಇಷ್ಟು ಲಕ್ಷ ಎಂದು ಮಾತಾಯಿತು. ಇದ್ದಬದ್ದ ನಾಣ್ಯ, ಬೆಳ್ಳಿ, ಒಡವೆ ಕೆಳಗೆ ಬಂತು. ಉಳಿದದ್ದಕ್ಕೆ ಒಬ್ಬ ಹುಡುಗನನ್ನು ಒತ್ತೆಯಾಗಿ ಕಳಿಸಿದರು. ಹೈದರನ ಬೀಡಾರದಲ್ಲಿ ಆ ಹುಡುಗನಿಗೆ ಒಳ್ಳೆಯ ಉಪಚಾರ ನಡೆಯಿತು. ಮಾತಿಗೆ ಮಾತು ಬೆಳೆದಾಗ ಅವನು ಬಾಯಿಬಿಟ್ಟ: ಮೇಲೆ ನೀರಿದ್ದದ್ದು ಇನ್ನು ಮೂರೇ ದಿನಕ್ಕೆ, ಇಲ್ಲದಿದ್ದರೆ ನಾವು ಸೋಲುವವರೇ ಅಲ್ಲ. ಸುದ್ದಿ ಹೈದರನ ಕಿವಿಗೆ ಹೋಯಿತು. ಬಾಕಿ ಹಣದ ನೆಪ ತೆಗೆದು ರಾಜಿ ಮುರಿದ, ಮತ್ತೆ ಬೆಟ್ಟದ ದಾರಿ ಕಟ್ಟಿದ. ಮೂರು ದಿನ ಕಳೆಯುವುದರೊಳಗೆ ಗುತ್ತಿ ಕೈವಶವಾಯಿತು. ಅದು 1776. ಮುರಾರಿರಾಯನನ್ನು ಶ್ರೀರಂಗಪಟ್ಟಣಕ್ಕೆ, ಅಲ್ಲಿಂದ ಕಬ್ಬಾಳದುರ್ಗಕ್ಕೆ ಸಾಗಿಸಿದರು. ಅಲ್ಲೇ ತೀರಿಕೊಂಡ. ಹುಡುಗನದು ತಪ್ಪು ಅನ್ನುವುದಕ್ಕೆ ನನಗೆ ಮನಸ್ಸು ಬರುವುದಿಲ್ಲ; ತನ್ನವರ ಮಾನ ಕಾಯಲು ಹೋಗಿ ಅಂದ ಮಾತು ಅದು.

ಇನ್ನು ಹೈದರನ ಮಗ ಟಿಪ್ಪುವಿನ ಕಾಲ. 1783ರಲ್ಲಿ ಅಮೆರಿಕದ ಯುದ್ಧಕ್ಕೆ ಸಂಬಂಧಪಟ್ಟ ರಾಜಿ ಯುರೋಪಿನಲ್ಲಿ ಆಗುತ್ತಿದ್ದಂತೆ, ಮಂಗಳೂರಿನ ಮುತ್ತಿಗೆಯಲ್ಲಿ ಟಿಪ್ಪುವಿನ ಪಕ್ಕ ನಿಂತಿದ್ದ ಫ್ರೆಂಚರು ಗಂಟುಮೂಟೆ ಕಟ್ಟಿ ಹೊರಟರು. ಅಷ್ಟಾದರೂ ಟಿಪ್ಪು ಅವರ ಆಸೆ ಬಿಡಲಿಲ್ಲ. 1798ರಲ್ಲಿ ಮಾರಿಷಸ್ಸಿನ ಫ್ರೆಂಚ್ ಗವರ್ನರ್, ಟಿಪ್ಪುವಿಗೆ ನೆರವಾಗಲು ಬನ್ನಿ ಎಂದು ಬಹಿರಂಗವಾಗಿ ಜಾಹೀರುಪತ್ರ ಹೊರಡಿಸಿದ. ಬಂದದ್ದು ಬೆರಳೆಣಿಕೆಯ ಮಂದಿ, ಇಂಗ್ಲಿಷರ ಕೈಗೆ ಸಿಕ್ಕಿದ್ದು ಒಳ್ಳೆಯ ನೆಪ. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಅವನು ಟಿಪ್ಪುವಿಗೆ ಬರೆದ ಕಾಗದ ದಾರಿಯಲ್ಲೇ ಇಂಗ್ಲಿಷರ ಕೈಸೇರಿತು. ಅವನು ಬಂದುಬಿಟ್ಟಿದ್ದರೆ ಏನಾಗುತ್ತಿತ್ತು ಎಂದು ಊಹಿಸುವವರು ಬಹಳ. ಬುಸಿ ಶ್ರೀರಂಗಪಟ್ಟಣಕ್ಕೆ ಕಪ್ಪ ಕೇಳಲು ಬಂದದ್ದನ್ನು ನೆನೆದರೆ ನನಗೆ ಅಂಥ ಊಹೆಗಳಲ್ಲಿ ರುಚಿ ಹುಟ್ಟುವುದಿಲ್ಲ.

ಹಿಂದೂಪುರ, ಕಲ್ಯಾಣದುರ್ಗಗಳ ಹಣೆಬರಹ ಬರೆದದ್ದು ಈಜಿಪ್ಟಿನಲ್ಲಲ್ಲ, ಹೈದರಾಬಾದಿನಲ್ಲಿ. ಅಲ್ಲಿ ನಿಜಾಮನ ಚಾಕರಿಯಲ್ಲಿ ರೇಮಾಂಡ್ ಎಂಬ ಫ್ರೆಂಚನು ಹದಿನಾಲ್ಕು ಸಾವಿರದ ಆಸುಪಾಸಿನ ಸಿಪಾಯಿಗಳ ಪಡೆ ಕಟ್ಟಿದ್ದ. ಫ್ರೆಂಚರ ಭಯ ಮೈಯೆಲ್ಲ ಹೊಕ್ಕಿದ್ದ ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಇದು ಕಣ್ಣಿಗೆ ಬಿದ್ದ ಕಸವಾಯಿತು. ರೇಮಾಂಡ್ 1798ರಲ್ಲಿ ತೀರಿಕೊಂಡ. ಅದೇ ಸೆಪ್ಟೆಂಬರಿನಲ್ಲಿ ನಿಜಾಮನಿಂದ ಕರಾರು ಬರೆಸಿಕೊಂಡು, ಅಕ್ಟೋಬರಿನಲ್ಲಿ ಆ ಪಡೆಯ ಆಯುಧ ಕೆಳಗಿಡಿಸಿದರು. ರಕ್ತ ಬೀಳಲಿಲ್ಲ. ಬದಲಿಗೆ ಇಂಗ್ಲಿಷ್ ಕಂಪನಿಯ ಪಟಾಲಮುಗಳು ಬಂದು ಕೂತವು. ಅವುಗಳ ಖರ್ಚು ನಿಜಾಮನ ತಲೆಯ ಮೇಲೆ, ವರ್ಷಕ್ಕೆ 24 ಲಕ್ಷ ರೂಪಾಯಿಗೂ ಮೀರಿ.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಟಿಪ್ಪುವಿನ ರಾಜ್ಯವನ್ನು ಪಾಲು ಹಾಕುವಾಗ ಮುಂದಿಟ್ಟುಕೊಂಡದ್ದು ಕಂದಾಯದ ಪಟ್ಟಿ. ಯಾವ ತಾಲ್ಲೂಕಿನ ಹುಟ್ಟುವಳಿ ಎಷ್ಟು ಕಂಠೀರಾಯಿ ವರಹ ಎಂದು ಬರೆದು, ಕೂಡಿಸಿ ಕಳೆದು, ಕಂಪನಿಗಿಷ್ಟು, ನಿಜಾಮನಿಗಿಷ್ಟು, ಮೈಸೂರಿನ ಒಡೆಯರಿಗಿಷ್ಟು ಎಂದು ಹಂಚಿದರು. ಶಿರಾ, ಪಾವಗಡಗಳು ಮೈಸೂರಿಗೆ ಉಳಿದವು. ಅನಂತಪುರ ಸೀಮೆಯಲ್ಲಿ 1792ರಲ್ಲಿ ಟಿಪ್ಪು ಸೋತಾಗಲೇ ನಿಜಾಮನಿಗೆ ಹೋಗಿದ್ದ ಒಂದು ಭಾಗದ ಜೊತೆಗೆ ಈಗ ಉಳಿದದ್ದೂ ಹೋಯಿತು. ಹಿಂದೂಪುರ, ಕಲ್ಯಾಣದುರ್ಗಗಳು ಈ ಪಾಲಿನವು. ಲೆಕ್ಕದ ಸಾಲಿನಲ್ಲಿ ವರಹಗಳು ಸರಿಹೊಂದಿದರೆ ಆಯಿತು, ಹಳ್ಳಿ ಹಳ್ಳಿಯ ನಡುವಿನ ನಂಟು ಯಾವ ಕಾಲಂನಲ್ಲೂ ಇರಲಿಲ್ಲ.

ನಿಜಾಮ ಈ ಸೀಮೆಯನ್ನು ಅನುಭವಿಸಿದ್ದು ಒಂದೂಕಾಲು ವರ್ಷ ಅಷ್ಟೇ. ಪಟಾಲಮುಗಳ ಸಂಖ್ಯೆ ಏರಿತು, ಖರ್ಚೂ ಏರಿತು. 1800ರ ಅಕ್ಟೋಬರ್ 12ರ ಕರಾರಿನಲ್ಲಿ ಅವನು ನಗದಿನ ಬದಲು ನೆಲವನ್ನೇ ಬಿಟ್ಟುಕೊಟ್ಟ. ಟಿಪ್ಪುವಿನಿಂದ ಎರಡು ಯುದ್ಧಗಳಲ್ಲಿ ಸಿಕ್ಕಿದ್ದೆಲ್ಲ ಹೀಗೆ ಕಂಪನಿಗೆ ಜಮೆಯಾಯಿತು. ಬಳ್ಳಾರಿ, ಅನಂತಪುರ, ಕಡಪ ಸೀಮೆಗಳಿಗೆ ದತ್ತ ಮಂಡಲ ಎಂದು ಹೆಸರು ಬಿದ್ದದ್ದು ಆಗ. ರಾಯಲಸೀಮೆ ಎಂಬ ಹೆಸರು ಬಂದದ್ದು 1928ರಲ್ಲಿ, ನಂದ್ಯಾಲದ ಸಭೆಯಲ್ಲಿ.

ಈ ಮಂಡಲಕ್ಕೆ ಕಲೆಕ್ಟರಾಗಿ ಬಂದವನು ಥಾಮಸ್ ಮನ್ರೋ, ನಮ್ಮ ಕನ್ನಡ ಕರಾವಳಿಯಿಂದ ನೇರವಾಗಿ. ಎಂಬತ್ತು ಪಾಳೆಯಗಾರರ ಹಲ್ಲು ಕಿತ್ತ, ಹೊಲ ಹೊಲ ಅಳೆಸಿ ರೈತವಾರಿ ಪದ್ಧತಿ ಕಟ್ಟಿದ. ಈ ಕಡೆ ಅವನ ಹೆಸರಿಗೆ ಇವತ್ತಿಗೂ ಗೌರವವಿದೆ. ಆದರೆ ಅವನು ಮೊದಲು ಕಟ್ಟಿದ ತೀರುವೆ ಭಾರವಾಗಿತ್ತು ಎಂಬುದೂ ನಿಜ. 1807ರಲ್ಲಿ ಅವನೇ ಕಾಲು ಭಾಗ ಇಳಿಸಿ ಎಂದು ಬರೆದ, ಮದ್ರಾಸು ಕಿವಿಗೊಡಲಿಲ್ಲ. ಅವನೇ ಗವರ್ನರಾಗಿ ಬಂದ ಮೇಲೆ ಇಳಿಯಿತು. 1827ರಲ್ಲಿ ಪತ್ತಿಕೊಂಡದಲ್ಲಿ ಕಾಲರಾ ತಗುಲಿ ಸತ್ತ. ಮೊದಲು ಹೂಳಿದ್ದು ಗುತ್ತಿಯಲ್ಲಿ, ಮುರಾರಿರಾಯನ ಆ ಬೆಟ್ಟದ ಬುಡದಲ್ಲೇ.

ಗೆರೆ ಮಾತ್ರ ಉಳಿಯಿತು. ಅದರ ಬಿಸಿ ಚೆನ್ನಾಗಿ ತಟ್ಟಿದ್ದು ನೀರಿನ ವಿಚಾರದಲ್ಲಿ. ಉತ್ತರ ಪಿನಾಕಿನಿಯನ್ನೇ ನೋಡಿ. ನಂದಿ ಬೆಟ್ಟದ ಮಗ್ಗುಲಲ್ಲಿ ಹುಟ್ಟಿ, ಗೌರಿಬಿದನೂರು ದಾಟಿ ಹಿಂದೂಪುರದ ಸೀಮೆಗೆ ಹೋಗುತ್ತದೆ. ಅಲ್ಲಿಂದ ಮತ್ತೆ ಕರ್ನಾಟಕಕ್ಕೆ ಬಂದು, ಪಾವಗಡ ತಾಲ್ಲೂಕಿನ ನಾಗಲಮಡಿಕೆಯಲ್ಲಿ ಸುಬ್ರಹ್ಮಣ್ಯನ ದೇವಸ್ಥಾನದ ಪಕ್ಕದಲ್ಲಿ ಹರಿದು, ಇನ್ನೊಂದು ಸಲ ಗಡಿ ದಾಟಿ ಪೇರೂರಿನ ಅಣೆಕಟ್ಟೆಯ ಕಡೆ ಸಾಗುತ್ತದೆ. ಕಲ್ಯಾಣದುರ್ಗದ ಇನ್ನೊಂದು ಬದಿಯ ವೇದಾವತಿಯೂ ಅಷ್ಟೆ. ನಮ್ಮ ಮಾರಿಕಣಿವೆ ದಾಟಿ ಬಂದ ಹೊಳೆ ಅಲ್ಲಿ ಭೈರವಾನಿತಿಪ್ಪೆಯ ಜಲಾಶಯಕ್ಕೆ ಸೇರಬೇಕು. ಮೇಲೆ ಕಟ್ಟೆ ಕಟ್ಟಿದರೆ ಕೆಳಗಿನ ಕೆರೆ ಒಣಗುತ್ತದೆ. ಇದಕ್ಕೆ ಪಂಡಿತರು ಬೇಕಿಲ್ಲ, ನೀರುಗಂಟಿ ಹೇಳಬಲ್ಲ.

ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮೈಸೂರು ಸಂಸ್ಥಾನ ಕೆರೆಕಟ್ಟೆ ಕಟ್ಟಲು ಮುಂದಾದಾಗ ಮದ್ರಾಸು ಅಡ್ಡ ಬಂತು. 1892ರ ಫೆಬ್ರವರಿ 18ರಂದು ಒಂದು ಕರಾರಾಯಿತು. ಪಟ್ಟಿಯಲ್ಲಿದ್ದ ನದಿಗಳ ಮೇಲೆ ಮದ್ರಾಸಿಗೆ ತಿಳಿಸದೆ, ಅದರ ಒಪ್ಪಿಗೆಯಿಲ್ಲದೆ ಮೈಸೂರು ಹೊಸ ನೀರಾವರಿ ಕೆಲಸ ಮಾಡಕೂಡದು ಎಂಬುದು ಅದರ ತಿರುಳು. ಉತ್ತರ ಪಿನಾಕಿನಿ, ಚಿತ್ರಾವತಿ, ಪಾಪಾಗ್ನಿ, ವೇದಾವತಿ, ಕಾವೇರಿ ಎಲ್ಲವೂ ಆ ಪಟ್ಟಿಯಲ್ಲಿವೆ. ಒಂದು ಕಡೆ ಆಳುವ ಬ್ರಿಟಿಷ್ ಸರ್ಕಾರ, ಇನ್ನೊಂದು ಕಡೆ ಅದರ ಕೈಕೆಳಗಿನ ಸಂಸ್ಥಾನ. ಇಬ್ಬರೂ ಸರಿಸಮನಾಗಿ ಕೂತು ಮಾತಾಡಿದರು ಎಂದು ನಂಬುವುದು ಕಷ್ಟ. ಆದರೆ ಕೆಳಗಿನ ಪರಿಗಿ ಕೆರೆಯ ಅಚ್ಚುಕಟ್ಟಿನ ರೈತನಿಗೆ ಅದೇ ಕಾಗದ ಆಸರೆಯೂ ಆಗಿತ್ತು, ಅದನ್ನು ಮರೆಯುವಂತಿಲ್ಲ. ಗೌರಿಬಿದನೂರಿನವನು ಬೈಯುವ ಕರಾರನ್ನು ಹಿಂದೂಪುರದವನು ಕಣ್ಣಿಗೊತ್ತಿಕೊಳ್ಳುತ್ತಾನೆ. ಇಬ್ಬರೂ ಒಂದೇ ದೇವರ ಜಾತ್ರೆಗೆ ಹೋಗುವವರು, ಹೆಣ್ಣು ಕೊಟ್ಟು ತರುವವರು.

1953ರ ಅಕ್ಟೋಬರ್ 1ರಂದು ಆಂಧ್ರ ರಾಜ್ಯ ಆದಾಗ ಭಾಷೆಯ ಲೆಕ್ಕ ಮೊದಲ ಬಾರಿಗೆ ಮುಂದೆ ಬಂತು. ಬಳ್ಳಾರಿ ಜಿಲ್ಲೆಯನ್ನು ಒಡೆದು ಆದವಾನಿ, ಆಲೂರು, ರಾಯದುರ್ಗಗಳನ್ನು ಆಂಧ್ರಕ್ಕೂ ಉಳಿದದ್ದನ್ನು ಮೈಸೂರಿಗೂ ಕೊಟ್ಟರು. ಅನಂತಪುರ ಜಿಲ್ಲೆಯ ಹಳೆಯ ಗೆರೆಗೆ ಕೈಹಚ್ಚಲಿಲ್ಲ. ಕನ್ನಡಿಗರು ಮಡಕಶಿರಾ ನಮ್ಮದು ಎಂದರು. ತೆಲುಗರು ಪಾವಗಡ, ಕೋಲಾರದ ಕಡೆ ಬೆರಳು ತೋರಿಸಿದರು. ಎರಡಕ್ಕೂ ಆಧಾರವಿತ್ತು. ಮಡಕಶಿರಾದ ಹಳ್ಳಿಗಳಲ್ಲಿ ಕನ್ನಡ, ಪಾವಗಡದ ಹಳ್ಳಿಗಳಲ್ಲಿ ತೆಲುಗು ಇವತ್ತಿಗೂ ಮನೆಮಾತು. 2022ರ ಏಪ್ರಿಲ್‌ನಲ್ಲಿ ಆಂಧ್ರದವರು ಜಿಲ್ಲೆಗಳನ್ನು ಮತ್ತೆ ಹಂಚಿದಾಗ ಹಿಂದೂಪುರ, ಮಡಕಶಿರಾಗಳು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದವು, ಕಲ್ಯಾಣದುರ್ಗ ಅನಂತಪುರದಲ್ಲೇ ಉಳಿಯಿತು. ಒಳಗಿನ ಗೆರೆ ಬದಲಾಯಿತು, ಹೊರಗಿನದು 1799ರದ್ದೇ.

1892ರ ಕಾಗದಕ್ಕೂ ಇನ್ನೂ ಜೀವವಿದೆ. ಬಾಗೇಪಲ್ಲಿ ತಾಲ್ಲೂಕಿನ ಪರಗೋಡಿನಲ್ಲಿ ಚಿತ್ರಾವತಿಗೆ ಕಟ್ಟೆ ಕಟ್ಟಿದಾಗ ಆಂಧ್ರದಿಂದ ಆಕ್ಷೇಪ ಬಂತು. ದಕ್ಷಿಣ ಪಿನಾಕಿನಿಯ ಕೊಳ್ಳದಲ್ಲಿ ಕರ್ನಾಟಕ ಕಟ್ಟುತ್ತಿದ್ದ ಅಣೆಕಟ್ಟಿನ ವಿರುದ್ಧ ತಮಿಳುನಾಡು 2018ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ ಮುಂದಿಟ್ಟದ್ದು ಅದೇ ಕರಾರನ್ನು. ಮೈಸೂರು ಸಂಸ್ಥಾನವೂ ಇಲ್ಲ, ಮದ್ರಾಸು ಪ್ರಾಂತವೂ ಇಲ್ಲ. ಅವರ ರುಜುವಿನ ಮೇಲೆ ವಕೀಲರು ವಾದ ಮಾಡುತ್ತಲೇ ಇದ್ದಾರೆ.